ಪಾರ್ಶ್ವವಾಯು ರೋಗಿಯ ರಕ್ತಪರೀಕ್ಷೆ: ಎಂಡಿಎ ಅಥವಾ ಐಸೋಪ್ರೋಸ್ಟೇನ್?

ಎಂಡಿಎ (ಮಲಾನ್‌ಡಯಾಲ್ಡಿಹೈಡ್), ಐಸೋಪ್ರೋಸ್ಟೇನ್ ಎರಡೂ ಕೊಬ್ಬು ಆಕ್ಸಿಡೀಕರಣಗೊಂಡಾಗ ಹುಟ್ಟುವ ಅಣುಗಳು. ಆಕ್ಸಿಡೇಟಿವ್ ಒತ್ತಡ, ಅಂದರೆ ಈ ಬಗೆಯ ಹಾನಿ, ಅಳೆಯಲು ಸ್ಪೆಕ್ಟ್ರೋಫೋಟೋಮೀಟರ್ (ಬಣ್ಣದ ಗಾಢತೆ ಅಳೆಯುವ ಯಂತ್ರ) ಮಾತ್ರ ಇದ್ದರೆ ಎಂಡಿಎ ಕೈಗೆಟುಕುತ್ತದೆ. ಪ್ಲಾಸ್ಮಾವನ್ನು (ರಕ್ತದ ದ್ರವಭಾಗ) ಥಯೋಬಾರ್ಬಿಟ್ಯೂರಿಕ್ ಆಮ್ಲದೊಂದಿಗೆ 95 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಕಾಯಿಸಿ, ಆರಿಸಿ, ಗುಲಾಬಿ ಬಣ್ಣವನ್ನು 532 ನ್ಯಾನೋಮೀಟರಿನಲ್ಲಿ ಓದಬೇಕು. ಖರ್ಚು ಕಡಿಮೆ. ಆದರೆ ಸಕ್ಕರೆ, ಬಿಲಿರುಬಿನ್ ಕೂಡ ಅಳತೆ ಕೆಡಿಸುತ್ತವೆ; ಪಾರ್ಶ್ವವಾಯು ರೋಗಿಗಳಲ್ಲಿ ಮಧುಮೇಹ ಸಾಮಾನ್ಯವಾದ್ದರಿಂದ ಇದು ಸಣ್ಣ ತೊಡಕಲ್ಲ. ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಘಟಕಗಳನ್ನು ಬಿಡಿಸುವ ಯಂತ್ರ) ಎಂಡಿಎಯನ್ನು ಬೇರ್ಪಡಿಸಿದರೆ ನಂಬಿಕೆ ಹೆಚ್ಚು.

ಎಫ್2-ಐಸೋಪ್ರೋಸ್ಟೇನ್ ನಿಖರ, ಅದೇ ನಮ್ಮ ಆಯ್ಕೆ. ಆದರೆ ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಇದ್ದರೆ ಮಾತ್ರ. ಪ್ರತಿಕಾಯ ಬಳಸಿ ಅಳೆಯುವ ಎಲೈಸಾ ಕಿಟ್‌ಗಳು ಹತ್ತಿರದ ಅಣುಗಳನ್ನೂ ಹಿಡಿಯುತ್ತವೆ.

ಯಾವುದನ್ನೇ ಆರಿಸಿ, ಗೆಲುವು-ಸೋಲು ನಿರ್ಧಾರವಾಗುವುದು ರಕ್ತ ತೆಗೆದ ಕ್ಷಣದಿಂದ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬನ್ನು ಐಸಿನಲ್ಲಿಟ್ಟು ಬೇಗ ಸೆಂಟ್ರಿಫ್ಯೂಜ್ ಮಾಡಿ, ಪ್ಲಾಸ್ಮಾಕ್ಕೆ ಆಕ್ಸಿಡೀಕರಣ ತಡೆಯುವ ಬಿಎಚ್‌ಟಿ ಸೇರಿಸಿ, ಮೈನಸ್ 80ರಲ್ಲಿಡಿ. ಮೈನಸ್ 20ರಲ್ಲಿ ಕೊಬ್ಬು ಆಕ್ಸಿಡೀಕರಣಗೊಳ್ಳುತ್ತಲೇ ಇರುತ್ತದೆ, ಐಸೋಪ್ರೋಸ್ಟೇನ್ ಸುಳ್ಳೇ ಏರುತ್ತದೆ. ಪ್ಲಾಸ್ಮಾ ಕೆಂಪಾಗಿದ್ದರೆ, ಅಂದರೆ ಕೆಂಪು ರಕ್ತಕಣಗಳು ಒಡೆದಿದ್ದರೆ, ಬಿಸಾಡಿ. ಪಾರ್ಶ್ವವಾಯು ಶುರುವಾಗಿ ಎಷ್ಟು ಗಂಟೆಯಾಯಿತೆಂದು ಪ್ರತಿ ಟ್ಯೂಬಿನ ಮೇಲೂ ಬರೆಯಿರಿ.