ಬೈಯಾ ಪ್ಯಾನಾ, ಎಂತ ಹೇಳ್ಕೊಳ್ಳೋದು ಮಾರಾಯ್ರೇ

ಬೈ (ಬೈಸೆಕ್ಶುವಲ್) ಅಂದ್ರೆ ಗಂಡು ಹೆಣ್ಣು ಎರಡರ ಮೇಲೆ ಮಾತ್ರ ಸೆಳೆತ ಅಂತ ಮಂಗಳೂರಲ್ಲಿ ಸುಮಾರು ಜನ ತಿಳ್ಕೊಂಡಿದ್ದಾರೆ, ಹಾಗಲ್ಲ, ಒಂದಕ್ಕಿಂತ ಹೆಚ್ಚು ಜೆಂಡರಿನವರ ಮೇಲೆ ಸೆಳೆತ ಉಂಟು ಅಂತ ಅಷ್ಟೇ, ಸಮ ಸಮ ಇರ್ಬೇಕಂತಾನೂ ಇಲ್ಲ, ಹುಡುಗರ ಮೇಲಿಂದು ಒಂಥರಾ ಹುಡುಗೀರ ಮೇಲಿಂದು ಇನ್ನೊಂಥರಾ ಇರ್ಬಹುದು, ಮದುವೆ ಆದ ಕೂಡ್ಲೇ ಅದು ಮಾಯ ಆಗೋದೂ ಇಲ್ಲ. ಪ್ಯಾನ್ (ಪ್ಯಾನ್‌ಸೆಕ್ಶುವಲ್) ಅನ್ನೋರಿಗೆ ಸೆಳೆತದ ವಿಷಯದಲ್ಲಿ ಎದುರಿನವ್ರ ಜೆಂಡರ್ ಲೆಕ್ಕಕ್ಕೇ ಬರಲ್ಲ. ಪಾಲಿಸೆಕ್ಶುವಲ್ ಅಂದ್ರೆ ಹಲವು ಜೆಂಡರಿನವರ ಮೇಲೆ ಸೆಳೆತ, ಎಲ್ಲರ ಮೇಲೂ ಅಲ್ಲ (ಪಾಲಿಅಮರಿ, ಅಂದ್ರೆ ಎಲ್ಲರ ಒಪ್ಪಿಗೆಯಿಂದ ಒಬ್ಬರಿಗಿಂತ ಹೆಚ್ಚು ಜನರ ಜೊತೆ ಪ್ರೀತಿ ಸಂಬಂಧ, ಅದು ಬೇರೆ ವಿಷಯ ಆಯ್ತಾ).

ಬೈ ಸಮುದಾಯದ ಬಾವುಟ 1998ರದ್ದು, ಗುಲಾಬಿ ನೇರಳೆ ನೀಲಿ. ಪ್ಯಾನ್‌ದು ಗುಲಾಬಿ ಹಳದಿ ನೀಲಿ. ಉಡುಪಿಯಲ್ಲಿ ಮನೆಯವ್ರ ಹತ್ರ ಹೇಳೋದಾದ್ರೆ ನಂಗೆ ಬೈ ಸುಲಭ ಅನ್ನಿಸ್ತದೆ, ಆ ಪದ ಕೇಳಿ ಗೊತ್ತಿರೋರು ಸ್ವಲ್ಪ ಜಾಸ್ತಿ. ಎರಡೂ ಹೇಳ್ಕೊಳ್ಳೋರೂ ಇದ್ದಾರೆ, ತಪ್ಪೆಂತ ಇಲ್ಲ. ಯಾವ್ದೂ ಬೇಡ ಅನ್ನಿಸಿದ್ರೆ ಕ್ವಿಯರ್ (ಇಂಥವ್ರೆಲ್ಲರಿಗೂ ಒಟ್ಟಾಗಿ ಬಳಸೋ ಪದ) ಅಂತ ಹೇಳ್ಕೊಂಡ್ರೆ ಸಾಕು.