ಕಾಫಿ ತೋಟದೊಳಗೆ ನಿವೃತ್ತರ ಕಾಟೇಜ್: ಮುಂಗಡ ಕೊಡುವ ಮೊದಲು ಇದನ್ನು ಓದಿ

ಕೆಲಸ ಮುಗಿದ ಮೇಲೆ ಬೆಂಗಳೂರು ಬಿಟ್ಟು ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ಹೋಗಿ ಇರೋಣ ಅಂತ ಯೋಚಿಸುತ್ತಿರುವವರಿಗೆ ಈ ಬರಹ. "ಕಾಫಿ ತೋಟದ ನಡುವೆ ಹಿರಿಯರಿಗೇ ಅಂತ ಕಾಟೇಜ್, ತೋಟ ನಾವು ನೋಡ್ಕೋತೀವಿ, ನೀವು ಆರಾಮಾಗಿರಿ" ಅನ್ನುವ ಜಾಹೀರಾತು ನೋಡಿದವರು ದಯವಿಟ್ಟು ಪೂರ್ತಿ ಓದಿ. ನಾವು ಅಂಥ ಕಡೆ ಹೋಗಿ ನೆಲೆಸಿ, ಬಿಟ್ಟು ಬಂದಿದ್ದೇವೆ. ಹಣ ಇನ್ನೂ ಅಲ್ಲೇ ಸಿಕ್ಕಿಕೊಂಡಿದೆ.

ಮೊದಲು ಜಮೀನಿನ ವಿಷಯ ಹೇಳಿಬಿಡುತ್ತೇನೆ. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಳ್ಳುವುದು ಬೇರೆ, ಅದರಲ್ಲಿ ಸಾಲುಸಾಲು ಮನೆ ಕಟ್ಟಿ ಮಾರುವುದು ಬೇರೆ. ಅದಕ್ಕೆ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಅನುಮತಿ, ಅಂದರೆ ಕನ್ವರ್ಷನ್) ಆಗಬೇಕು, ಬಡಾವಣೆ ನಕ್ಷೆಗೆ ಮಂಜೂರಾತಿ ಬೇಕು. ನಮಗೆ ಮಾರಿದ ಕಂಪನಿಯವರು "ಕನ್ವರ್ಷನ್‌ಗೆ ಹಾಕಿದ್ದೀವಿ, ಬಂದೇ ಬಿಡುತ್ತೆ" ಅಂದರು. ತಮ್ಮ ವಕೀಲರ ಅಭಿಪ್ರಾಯ ಪತ್ರವನ್ನೂ ತೋರಿಸಿದರು. ಜಮೀನು ಮೂಲ ಮಾಲೀಕರದ್ದೇ ಹೌದು ಅನ್ನುವುದಷ್ಟೇ ಅದರಲ್ಲಿ ಇತ್ತು. ಪರಿವರ್ತನೆ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ಸರಿಯಾಗಿಯೇ ನೋಂದಣಿ ಆಯಿತು. ಆದರೆ ಅದರಲ್ಲಿ ನಮಗೆ ಮಾರಿದ್ದು ಒಂದು ಸರ್ವೆ ನಂಬರಿನಲ್ಲಿ ಅವಿಭಜಿತ ಪಾಲು. ನಮ್ಮ ಪಾಲನ್ನು ಅಳೆದು ತೋರಿಸುವ 11ಇ ನಕ್ಷೆ ಇಲ್ಲ, ಅದನ್ನು ಬೇರೆ ಸರ್ವೆ ನಂಬರಾಗಿ ಒಡೆಯುವ ಪೋಡಿ ಆಗಿಲ್ಲ. ಪಹಣಿ ತೆಗೆಸಿದರೆ ನಮ್ಮ ಹೆಸರಿನ ಜೊತೆ ಉಳಿದ ಕಾಟೇಜಿನವರ ಹೆಸರೆಲ್ಲ ಜಂಟಿಯಾಗಿ ಸಾಲಾಗಿ ಇವೆ. ನಾವು ವಾಸವಿದ್ದ ಮನೆಯ ಗಡಿ ಸರ್ಕಾರದ ಯಾವ ನಕ್ಷೆಯಲ್ಲೂ ಇಲ್ಲ. ಪಂಚಾಯಿತಿಯಲ್ಲಿ ಇ-ಖಾತೆ ಕೇಳಿದರೆ ಪರಿವರ್ತನೆ ಆದೇಶ ತನ್ನಿ ಅಂದರು. ಆ ಆದೇಶ ಇದ್ದರೆ ತಾನೇ ತರೋದು? ಮಾರೋಣ ಅಂದರೆ ಇಂಥ ಕಾಗದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಹಾಗಾಗಿ ಕೊಳ್ಳುವವರು ಮುಂದೆ ಬರುವುದಿಲ್ಲ.

ರೇರಾ (ಮನೆ, ನಿವೇಶನ ಮಾರುವ ಯೋಜನೆಗಳ ಮೇಲೆ ಕಣ್ಣಿಡುವ ಪ್ರಾಧಿಕಾರ) ನೋಂದಣಿ ಎಲ್ಲಿ ಅಂತ ಕೇಳಿದಾಗ "ಇದು ಫಾರ್ಮ್ ಲ್ಯಾಂಡ್ ಸರ್, ರೇರಾ ಬರಲ್ಲ" ಅನ್ನುವ ಉತ್ತರ ಬಂತು. 500 ಚದರ ಮೀಟರಿಗಿಂತ ದೊಡ್ಡದಾದ, 8ಕ್ಕಿಂತ ಜಾಸ್ತಿ ಮನೆಗಳಿರುವ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಕೊಡುವುದೂ ತಪ್ಪು ಅಂತ ಕಾನೂನು ಹೇಳುತ್ತದೆ. ಮಾರುವಾಗ ಮನೆ ಅಂತ ತೋರಿಸುತ್ತಾರೆ. ಕಾನೂನು ಕೇಳಿದರೆ ಅದು ಹೊಲ ಆಗಿಬಿಡುತ್ತದೆ. ಈ ಒಂದು ಉತ್ತರ ನಿಮಗೂ ಬಂದರೆ ಅಲ್ಲಿಗೇ ನಿಲ್ಲಿಸಿ.

ಹಣ ಹೋದರೆ ಹೋಯಿತು ಅನ್ನಬಹುದು. ನಾನು ಇದನ್ನು ಬರೆಯಲು ಕೂತ ಕಾರಣ ಅದಲ್ಲ.

ಬ್ರೋಷರಿನಲ್ಲಿ ದಿನದ 24 ಗಂಟೆ ನರ್ಸ್, ಆಂಬ್ಯುಲೆನ್ಸ್, ವಾರಕ್ಕೊಮ್ಮೆ ವೈದ್ಯರು ಅಂತ ಇತ್ತು. ಕರಾರಿನಲ್ಲಿ ಅದೇ ಸೌಲಭ್ಯಗಳ ಮುಂದೆ "ಲಭ್ಯತೆಗೆ ಅನುಗುಣವಾಗಿ" ಅಂತ ಸೇರಿಸಿದ್ದರು. ಡಿಸೆಂಬರಿನಲ್ಲಿ ನೋಡಲು ಬಂದವರ ಎದುರು ನರ್ಸ್ ಇದ್ದರು, ಬಿಳಿ ಗಾಡಿ ಇತ್ತು. ಮಳೆಗಾಲ ಶುರುವಾಗುವ ಹೊತ್ತಿಗೆ ನರ್ಸ್ ಕೆಲಸ ಬಿಟ್ಟಿದ್ದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಗಾಡಿಯಲ್ಲಿ ಗೊಬ್ಬರದ ಮೂಟೆ ಸಾಗಿಸುತ್ತಿದ್ದರು.

ಜುಲೈನಲ್ಲಿ ಒಂದು ರಾತ್ರಿ ನಮ್ಮ ಯಜಮಾನರ ಮಾತು ತೊದಲಿತು. ಬಾಯಿ ಒಂದು ಕಡೆ ವಾಲಿತು, ಬಲಗೈ ಮೇಲೇಳಲಿಲ್ಲ. ಪಾರ್ಶ್ವವಾಯು ಅಂತ ನನಗೆ ಆಗಲೇ ಗೊತ್ತಾಯಿತು. ಕರೆಂಟ್ ಹೋಗಿತ್ತು. ಟವರಿನ ಬ್ಯಾಟರಿಯೂ ಮುಗಿದು ಫೋನಿಗೆ ಸಿಗ್ನಲ್ ಇಲ್ಲ. ಡ್ರೈವರ್ ಸಂಜೆಯೇ ಮನೆಗೆ ಹೋಗಿದ್ದ. ನಾನು ಟಾರ್ಚ್ ಹಿಡಿದು ಪಕ್ಕದ ಎಸ್ಟೇಟಿನ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಮನೆಯ ಬಾಗಿಲು ತಟ್ಟಿದೆ. ಆ ಕಡೆ ಆನೆ ಇದೆ ಅಂತ ಅವತ್ತು ಅರಣ್ಯ ಇಲಾಖೆಯ ಮೆಸೇಜ್ ಬಂದಿತ್ತಂತೆ. ಆದರೂ ಆ ಪುಣ್ಯಾತ್ಮ ಒಂದು ಮಾತಾಡದೆ ಜೀಪ್ ತೆಗೆದ. ಮಣ್ಣುರಸ್ತೆಗೆ ಮರ ಬಿದ್ದಿತ್ತು. ಅವನೂ ಅವನ ಮಗನೂ ಮಳೆಯಲ್ಲೇ ಕಡಿದು ದಾರಿ ಮಾಡಿದರು. ಸಕಲೇಶಪುರದ ಆಸ್ಪತ್ರೆಯಲ್ಲಿ ನೋಡಿ ಸ್ಕ್ಯಾನ್‌ಗೆ ಹಾಸನಕ್ಕೆ ಕಳಿಸಿದರು. ಅಲ್ಲಿಂದ ಹಾಸನ ಸುಮಾರು 40 ಕಿಲೋಮೀಟರ್.

ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು, ಒಳಗೆ ರಕ್ತಸ್ರಾವ ಇದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯಬಹುದು. ನಾವು ಹಾಸನ ಮುಟ್ಟುವಾಗ ಆ ಹೊತ್ತು ಮೀರಿತ್ತು. ಹಾಸನದ ವೈದ್ಯರು ಚೆನ್ನಾಗಿ ನೋಡಿಕೊಂಡರು, ಜೀವ ಉಳಿಯಿತು. ಬಲಗೈ ಇನ್ನೂ ಸರಿಯಾಗಿಲ್ಲ. ಈಗ ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾರೆ.

ಮಲೆನಾಡನ್ನು ನಾನು ದೂರುತ್ತಿಲ್ಲ. ಅಲ್ಲಿ ಹುಟ್ಟಿ ಬೆಳೆದವರು ಎಂಬತ್ತು ದಾಟಿಯೂ ಗಟ್ಟಿಯಾಗಿದ್ದಾರೆ. ಅವರಿಗೆ ಜೀಪಿದೆ, ಅಣ್ಣತಮ್ಮಂದಿರಿದ್ದಾರೆ, ಕೂಗಿದರೆ ಓಡಿ ಬರುವ ನೆರೆಯವರಿದ್ದಾರೆ. ವಯಸ್ಸಾದ ಮೇಲೆ ಹೊಸದಾಗಿ ಹೋದವರಿಗೆ ಅದೆಲ್ಲ ಕಂಪನಿ ಕೊಡುತ್ತದೆ ಅಂತ ನಂಬಿಸಿ ಮಾರುವುದಿದೆಯಲ್ಲ, ನನ್ನ ಸಿಟ್ಟು ಅದರ ಮೇಲೆ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಜಾಗ ನೋಡಲು ಡಿಸೆಂಬರಿನಲ್ಲಿ ಹೋಗಬೇಡಿ, ಜುಲೈ ಆಗಸ್ಟ್‌ನಲ್ಲಿ ಹೋಗಿ. ಆಗದೇ ಹೋದರೆ ಒಂದು ಮಳೆಗಾಲ ಅದೇ ಊರಲ್ಲಿ ಬಾಡಿಗೆಗೆ ಇರಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು ಅಂತ ಕೇಳಿ, ರಾತ್ರಿ ಹೊತ್ತು ಅಲ್ಲಿಗೆ ನೀವೇ ಗಾಡಿಯಲ್ಲಿ ಹೋಗಿ ನೋಡಿ. ಕಂಪನಿಯವರು "ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಹತ್ತಿರ" ಅಂದರೆ ಶಿರಾಡಿ ಘಾಟಿ ನೆನಪಿರಲಿ. 2018ರಲ್ಲೂ 2024ರಲ್ಲೂ ಮಳೆಗೆ ಗುಡ್ಡ ಕುಸಿದು ಅಲ್ಲಿ ಸಂಚಾರ ನಿಂತಿತ್ತು. ಸುತ್ತಲಿನ ಎಸ್ಟೇಟಿನವರ ಹತ್ತಿರ ಕೂತು ಮಾತಾಡಿ. ಅವರಿಗೆ ಕಂಪನಿಯ ಹಿಂದು ಮುಂದು ಎಲ್ಲ ಗೊತ್ತಿರುತ್ತದೆ.

ಕಾಗದಪತ್ರಕ್ಕೆ ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ. ಸರ್ಕಾರದ ಭೂಮಿ ಜಾಲತಾಣದಲ್ಲಿ ಪಹಣಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಹೌದಾ ಅಂತ ತಪ್ಪದೆ ಕೇಳಿ. ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಮಾರಿದ್ದರೆ ಅದು ಮೂಲದವರಿಗೆ ವಾಪಸ್ ಹೋಗುತ್ತದೆ. ನಿವೃತ್ತರ ಮನೆಗಳಿಗೆ ಅಂತಲೇ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಕಟ್ಟುವವರು, ಸೇವೆ ಕೊಡುವವರು, ಮನೆ ಕೊಳ್ಳುವವರು ಮೂವರೂ ಸೇರಿ ಸಹಿ ಹಾಕುವ ಒಪ್ಪಂದದ ಮಾತು ಅದರಲ್ಲಿದೆ. ಅದನ್ನೇ ಮುಂದಿಟ್ಟು ಕೇಳಿ. ನರ್ಸ್, ಗಾಡಿ, ಡ್ರೈವರ್ ಎಲ್ಲವೂ ಕರಾರಿನಲ್ಲಿ ಬರಲಿ. ಕೊಡದಿದ್ದರೆ ಏನು ಪರಿಹಾರ ಅನ್ನುವುದೂ ಬರಲಿ.

ನಾವೀಗ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ, ಫಿಸಿಯೋಥೆರಪಿ ನಡೆಯುತ್ತಿದೆ. ಹಣ ವಾಪಸ್ ಕೇಳಿದರೆ ಕಂಪನಿಯವರು "ನೀವೇ ಗಿರಾಕಿ ಹುಡುಕಿ, ವರ್ಗಾವಣೆ ಶುಲ್ಕ ಕಟ್ಟಿ" ಅನ್ನುತ್ತಾರೆ. ಖಾಲಿ ಬಿದ್ದ ಕಾಟೇಜಿಗೆ ತಿಂಗಳ ನಿರ್ವಹಣಾ ಬಿಲ್ ತಪ್ಪದೆ ಬರುತ್ತಿದೆ. ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ಆ ಬ್ರೋಷರ್, ವಾಟ್ಸಾಪ್ ಮೆಸೇಜ್, ರಸೀದಿ ಎಲ್ಲ ಎತ್ತಿಟ್ಟಿದ್ದರಿಂದ ನಮ್ಮ ವಕೀಲರಿಗೆ ಕೆಲಸ ಸುಲಭವಾಗಿದೆ. ಈಗಾಗಲೇ ಇಂಥ ಕಡೆ ದುಡ್ಡು ಕೊಟ್ಟವರು ಯಾವ ಕಾಗದವನ್ನೂ ಬಿಸಾಡಬೇಡಿ. ಇನ್ನುಮುಂದೆ ಮಾತು ಏನೇ ಇದ್ದರೂ ಫೋನಿನಲ್ಲಿ ಬೇಡ, ಇಮೇಲಿನಲ್ಲೇ ಆಡಿ.