‘ಎಲ್ಲರೂ ಸೇರಬಹುದು’ ಅಂತ ಕರೆಯುವ ಕಥೆಗೆ ಹೋಗುವ ಮುಂಚೆ

ನಾಲ್ಕು ತಿಂಗಳು ಬೆಳಿಗ್ಗೆ ಐದು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದಿದ್ದೇನೆ. ಓದಲಿಕ್ಕಲ್ಲ, ವಾಕಿಂಗಿಗೂ ಅಲ್ಲ. ಇಂಟರ್‌ನೆಟ್‌ನಲ್ಲಿ ಹಲವರು ಸೇರಿ ಬರೆದು ಆಡುವ ಒಂದು ಆಟಕ್ಕೆ. ಅಲ್ಲಿ ನನಗಾದದ್ದು ನಿಮಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಆಟದ ಹೆಸರಾಗಲಿ, ನಡೆಸುವವರ ಹೆಸರಾಗಲಿ ಹೇಳುವುದಿಲ್ಲ. ಈ ಕಾಯಿಲೆ ಅದೊಂದೇ ಆಟದ್ದಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಆಟಗಳಲ್ಲಿ ಚಿತ್ರ ಇರುವುದಿಲ್ಲ, ಬರೀ ಅಕ್ಷರ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು ‘ಮಡ್’ ಅಂತ ಒಂದನ್ನು ಕಟ್ಟಿದರು. 1989ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ‘ಟೈನಿಮಡ್’ ಬಂತು. ಅಲ್ಲಿ ಅಂಕ ಗಳಿಸುವುದಕ್ಕಿಂತ ಮಾತಾಡುವುದು, ಜಾಗ ಕಟ್ಟುವುದು ಮುಖ್ಯವಾಯಿತು. ಅದರ ಸಂತತಿಯೇ ‘ಮಶ್’. ಈಗ ಇದೇ ತರದ ಆಟವನ್ನು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲೂ ಆಡುತ್ತಾರೆ. ಮಶ್‌ನಲ್ಲಿ ಒಂದು ಕೋಲನ್ ಚಿಹ್ನೆ ಹಾಕಿ ‘ಬಾಗಿಲು ತೆಗೆದಳು’ ಅಂತ ಟೈಪ್ ಮಾಡಿದರೆ, ಅಲ್ಲಿರುವ ಎಲ್ಲರ ಪರದೆಯ ಮೇಲೂ ನನ್ನ ಪಾತ್ರದ ಹೆಸರಿನ ಮುಂದೆ ಆ ಮಾತು ಮೂಡುತ್ತದೆ. ಅದಕ್ಕೆ ಪೋಸ್ ಅನ್ನುತ್ತಾರೆ. ಒಬ್ಬರ ಪೋಸ್‌ಗೆ ಇನ್ನೊಬ್ಬರದು ಸೇರಿ ಸೇರಿ ಕಥೆ ಬೆಳೆಯುತ್ತದೆ.

ನಮ್ಮ ಶಿರಸಿ ಕಡೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಕೂತು ಮಾತಿನಲ್ಲೇ ಕರ್ಣನಾಗುವುದು, ವಾಲಿಯಾಗುವುದು. ಪದ್ಯ ಹಾಡಿ ಪ್ರಸಂಗ ನಡೆಸುವವರು ಭಾಗವತರು. ನನ್ನ ದೊಡ್ಡಪ್ಪ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದವರು. ಚಿಕ್ಕವಳಿದ್ದಾಗ ಅವರ ಪಕ್ಕ ಚಾಪೆ ಮೇಲೆ ನಿದ್ದೆ ತಡೆಯುತ್ತಾ ಕೂತು ಕೇಳಿದ್ದೇನೆ. ಈ ಆಟ ಮೊದಲು ಕಂಡಾಗ ನನಗೆ ಮನೆಗೇ ಬಂದ ಹಾಗಾಗಿತ್ತು.

ಆ ಆಟದ ಪ್ರಕಟಣೆಯಲ್ಲಿ ಹೀಗಿತ್ತು: ನದಿ ದಂಡೆಯ ಊರಿನಲ್ಲಿ ಜ್ವರ ಹಬ್ಬುತ್ತಿದೆ, ಕಾರಣ ಯಾರಿಗೂ ಗೊತ್ತಿಲ್ಲ, ಎಲ್ಲರೂ ಸೇರಬಹುದು. ನಾನು ದೋಣಿ ನಡೆಸುವ ಒಬ್ಬ ಹೆಂಗಸನ್ನು ಮಾಡಿಕೊಂಡೆ. ಶರಾವತಿ ದಾಟಿಸುತ್ತಿದ್ದವರನ್ನು ಕಂಡವಳು ನಾನು. ಕೈಯಲ್ಲಿ ಹುಟ್ಟು ಹಿಡಿದವರಿಗೆ ನೀರಿನ ಬಣ್ಣ ನೋಡಿ ಮೇಲೆ ಎಲ್ಲಿ ಮಳೆ ಬಿದ್ದಿದೆ ಅಂತ ಗೊತ್ತಾಗುತ್ತದೆ. ಅಂಥವಳು ಅವಳು. ಅವಳ ಹಿನ್ನೆಲೆ ಬರೆಯಲು ಎರಡು ಭಾನುವಾರ ಹಿಡಿಯಿತು.

ಆಡುವವರು ಹೆಚ್ಚಿನವರು ಅಮೆರಿಕದ ಪೂರ್ವ ಕರಾವಳಿಯವರು. ಅವರ ರಾತ್ರಿ ಎಂಟು ಅಂದರೆ ಬೇಸಿಗೆಯಲ್ಲಿ ನಮಗೆ ಮರುದಿನ ಬೆಳಿಗ್ಗೆ ಐದೂವರೆ. ಅದಕ್ಕೇ ಆ ಅಲಾರಂ. ಅದರ ಬಗ್ಗೆ ನನಗೆ ದೂರಿಲ್ಲ, ಇಷ್ಟಪಟ್ಟೇ ಎದ್ದೆ.

ಎರಡನೇ ವಾರ ಕಥೆ ನಡೆಸುವವರಿಗೆ ಒಂದು ಸಂದೇಶ ಕಳಿಸಿದೆ. ನನ್ನ ದೋಣಿಯವಳಿಗೆ ಸತ್ತ ಮೀನು ಕಾಣಲಿ, ಅದೂ ಊರಿನ ಮೇಲ್ಭಾಗದಲ್ಲಿ ಮಾತ್ರ, ಕೆಳಗೆ ಬೇಡ, ಆಗ ಜ್ವರದ ಮೂಲ ಹುಡುಕಲು ಬೇರೆಯವರಿಗೂ ಒಂದು ದಾರಿ ಸಿಗುತ್ತದೆ ಅಂತ. ‘ಚೆನ್ನಾಗಿದೆ, ಯೋಚಿಸೋಣ’ ಅಂತ ಉತ್ತರ ಬಂತು. ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಊರಿನ ದಳಪತಿ ನದಿಯ ಮೇಲ್ಭಾಗದಲ್ಲಿ ಸತ್ತ ಮೀನು ಕಂಡುಹಿಡಿದಿದ್ದಾನೆ. ದಳಪತಿ ಯಾರ ಪಾತ್ರ? ಕಥೆ ನಡೆಸುವವರದ್ದೇ.

ಆಗಲೇ ಹೊರಗೆ ಬರಬೇಕಿತ್ತು. ಇರಲಿ, ಕಥೆ ಮುಂದೆ ಹೋದರೆ ಸಾಕು ಅಂದುಕೊಂಡೆ. ಹೊಸಬಳು ಮೊದಲ ತಿಂಗಳೇ ಜಗಳ ತೆಗೆದರೆ ಚೆನ್ನಾಗಿರುವುದಿಲ್ಲ ಅಲ್ವಾ.

ಆಮೇಲೆ ಸೇತುವೆ ಮುರಿದ ದಿನ. ಏಳು ಜನ ಇದ್ದೆವು. ಇಷ್ಟು ಜನ ಇರುವಾಗ ಬಹಳಷ್ಟು ಕಡೆ ಒಂದು ಪದ್ಧತಿ ಇದೆ. ನೀವು ಒಮ್ಮೆ ಬರೆದ ಮೇಲೆ ಇನ್ನು ಮೂರು ಜನ ಬರೆಯುವ ತನಕ ಕಾಯಬೇಕು. ಅಲ್ಲೂ ಅದೇ ನಿಯಮ ಅಂತ ಬೋರ್ಡಿನಲ್ಲಿ ಇತ್ತು. ವೈದ್ಯನ ಮಗ ನೀರಿಗೆ ಬಿದ್ದ. ನನ್ನ ಸರದಿ ಬಂತು. ನಾನು ಬರೆದದ್ದು ಇಷ್ಟು: ಅವಳು ದೋಣಿಯನ್ನು ಸೆಳವಿಗೆ ಅಡ್ಡ ತಿರುಗಿಸಿದಳು, ಹಗ್ಗದ ತುದಿಗೆ ಗಂಟು ಹಾಕಿ ಹುಡುಗನ ಕಡೆಗೆ ಎಸೆದಳು. ಹಗ್ಗ ಅವನ ಕೈಗೆ ಸಿಕ್ಕಿತು ಅಂತ ಬರೆಯಲಿಲ್ಲ. ಅದನ್ನು ಹುಡುಗನನ್ನು ಆಡುವವರೇ ಹೇಳಬೇಕು. ಈ ಆಟದ ಮರ್ಯಾದೆಯೇ ಅದು. ನನ್ನ ಪಾತ್ರ ಏನು ಮಾಡಲು ಹೊರಟಿತು ಅಂತ ನಾನು ಬರೆಯಬಹುದು. ನಿಮ್ಮ ಪಾತ್ರಕ್ಕೆ ಏನಾಯಿತು ಅಂತ ನೀವೇ ಬರೆಯಬೇಕು.

ಮುಂದಿನ ಪೋಸ್ ದಳಪತಿಯದ್ದು. ಹದಿನಾಲ್ಕು ಸಾಲು. ‘ಯಾರಾದರೂ ಕೈ ಎತ್ತುವ ಮುಂಚೆಯೇ’ ಅಂತ ಶುರು. ಅವನು ಆಗಲೇ ಹಾರಿಯಾಗಿತ್ತು, ಈಜಿಯಾಗಿತ್ತು, ಹುಡುಗನನ್ನು ಹೆಗಲ ಮೇಲೆ ಹೊತ್ತು ದಡ ಸೇರಿಯಾಗಿತ್ತು. ‘ದೋಣಿಯವಳು ಬಾಯಿ ತೆರೆದು ನೋಡುತ್ತಾ ನಿಂತಿದ್ದಳು’ ಅನ್ನುವುದೂ ಆ ಹದಿನಾಲ್ಕು ಸಾಲಿನಲ್ಲೇ ಇತ್ತು.

ನನ್ನ ಹಗ್ಗ ಎಲ್ಲಿ ಹೋಯಿತು ಅಂತ ಒಂದು ಸಾಲೂ ಇಲ್ಲ. ನನ್ನ ಪಾತ್ರದ ಬಾಯಿಯನ್ನೂ ಅವರೇ ತೆರೆಸಿದ್ದರು. ಬೇರೆಯವರ ಪಾತ್ರವನ್ನು ಹೀಗೆ ತಾವೇ ಆಡಿಸಿಬಿಡುವುದಕ್ಕೆ ಪವರ್‌ಪೋಸಿಂಗ್ ಅನ್ನುತ್ತಾರೆ. ಇದು ತಪ್ಪು ಅಂತ ಅವರದೇ ನಿಯಮಗಳಲ್ಲಿ ಬರೆದಿತ್ತು. ಆದರೆ ತಪ್ಪು ಮಾಡಿದವರೇ ನಿಯಮ ನೋಡಿಕೊಳ್ಳುವವರು. ಹೇಳುವುದು ಯಾರಿಗೆ?

ಆದರೂ ಕೇಳಿದೆ. ಪಾತ್ರದ ಹೊರಗಿನ ಮಾತಿಗೆ ಅಂತ ಬೇರೆ ಚಾನೆಲ್ ಇರುತ್ತದೆ, ಓಓಸಿ ಅನ್ನುತ್ತಾರೆ. ಅಲ್ಲಿ ಎಲ್ಲರೆದುರು ಕೇಳದೆ ಖಾಸಗಿಯಾಗಿ, ತುಂಬಾ ಮೆತ್ತಗೆ ಕೇಳಿದೆ. ‘ನೀವು ಇನ್ನಷ್ಟು ಮುಂದೆ ಬಂದು ಆಡಬೇಕು, ಸುಮ್ಮನಿದ್ದರೆ ಕಥೆ ತಾನಾಗೇ ಬರುವುದಿಲ್ಲ’ ಅಂತ ಉತ್ತರ. ನಾನು ಮತ್ತೆ ಮುಂದೆ ಬಂದೆ. ಮೂರು ಸಲ ಮೂರು ಸೂಚನೆ ಕಳಿಸಿದೆ. ಆಗ ಬಂದ ಉತ್ತರ: ‘ದೋಣಿಯವಳಿಗೆ ಅಷ್ಟೆಲ್ಲ ಗೊತ್ತಿರುವುದು ಸಹಜ ಅಲ್ಲ.’ ಸುಮ್ಮನಿದ್ದರೂ ತಪ್ಪು, ಮಾತಾಡಿದರೂ ತಪ್ಪು.

ನನಗಿಂತ ಹೊಸಬರು ಇನ್ನೊಬ್ಬರಿದ್ದರು. ಗಾಣದ ಎಣ್ಣೆ ಮಾರುವ ಮುದುಕನ ಪಾತ್ರ ಅವರದ್ದು, ಎಷ್ಟು ಚೆಂದ ಬರೆಯುತ್ತಿದ್ದರು. ಒಂದು ದೃಶ್ಯದಲ್ಲಿ ಆ ಮುದುಕ ಮೂರು ಸಲ ಒಂದೇ ಪ್ರಶ್ನೆ ಕೇಳಿದ. ಮೂರು ಸಲವೂ ಯಾರೂ ತಿರುಗಿ ನೋಡಲಿಲ್ಲ. ಹಳಬರು ಮೂವರು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ನಾಲ್ಕನೇ ಪೋಸ್‌ನಲ್ಲಿ ಮುದುಕ ಎಣ್ಣೆ ಡಬ್ಬ ಎತ್ತಿಕೊಂಡು ಹೊರಟುಹೋದ. ಆಡುತ್ತಿದ್ದವರು ಆಮೇಲೆ ಬರಲೇ ಇಲ್ಲ. ಅವತ್ತು ನಾನಾದರೂ ಉತ್ತರ ಕೊಡಬೇಕಿತ್ತು. ನನ್ನ ದೋಣಿಯವಳು ಹತ್ತು ಹೆಜ್ಜೆ ದೂರದಲ್ಲೇ ಇದ್ದಳು. ನಾನು ದಳಪತಿಯ ಗಮನ ಸೆಳೆಯುವುದರಲ್ಲೇ ಮುಳುಗಿದ್ದೆ. ಅದು ಈಗಲೂ ಮನಸ್ಸಿನಲ್ಲಿ ಕೊರೆಯುತ್ತದೆ.

ನಾಲ್ಕನೇ ತಿಂಗಳ ಹೊತ್ತಿಗೆ ಅಲಾರಂ ಹೊಡೆದರೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತಿತ್ತು. ಪರದೆ ತೆರೆದಿಟ್ಟು ಬರೀ ಓದುತ್ತಾ ಕೂರುತ್ತಿದ್ದೆ. ಡೈರಿ ಬರೆಯುವುದೂ ನಿಂತುಹೋಗಿತ್ತು. ನನಗೆ ಬರೆಯಲಿಕ್ಕೇ ಬರುವುದಿಲ್ಲವೇನೋ ಅನ್ನಿಸತೊಡಗಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ‘ಅಯ್ಯೋ, ಆಟ ತಾನೇ’ ಅಂತ ತಳ್ಳಿಹಾಕುವವರು ಜಾಸ್ತಿ.

ಆ ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪನ ಹತ್ತಿರ ಹೇಳಿಕೊಂಡೆ. ಕಂಪ್ಯೂಟರ್ ವಿಷಯ ಅವರಿಗೆ ಪೂರ್ತಿ ತಿಳಿಯಲಿಲ್ಲ. ಉಳಿದದ್ದೆಲ್ಲ ಚೆನ್ನಾಗಿಯೇ ತಿಳಿಯಿತು. ‘ನಮ್ಮಲ್ಲೂ ಇದ್ದರು’ ಅಂದರು. ‘ಒಬ್ಬರು ವಾಲಿಯ ಅರ್ಥ ಹೇಳಲು ಕೂತರೆ ರಾಮನಿಗೆ ಬಾಯಿ ತೆಗೆಯಲು ಬಿಡುತ್ತಿರಲಿಲ್ಲ. ಎದುರಿನವ ಮಾತೇ ಆಡಲಿಲ್ಲ ಅಂದರೆ ಇವರು ಗೆದ್ದದ್ದು ಯಾರನ್ನು ಕೂಸೇ?’ ಆಗ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ‘ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಿದ್ದರು. ಪದ್ಯ ಶುರುವಾಯಿತು ಅಂದರೆ ಎಂಥ ದೊಡ್ಡ ಅರ್ಥಧಾರಿಯೂ ಸುಮ್ಮನಾಗಬೇಕು.’

ಆಗ ನನಗೆ ಕಂಡದ್ದು ಇದು. ಆ ಆಟದಲ್ಲಿ ಭಾಗವತರೇ ವಾಲಿಯ ಅರ್ಥ ಹೇಳುತ್ತಿದ್ದರು. ಪದ್ಯ ಎತ್ತುವವರು ಬೇರೆ ಯಾರೂ ಇರಲಿಲ್ಲ.

ಮರುವಾರ ಅಲ್ಲಿಂದ ಹೊರಬಂದೆ. ಬಂದು ಸ್ನೇಹಿತರ ಡಿಸ್ಕಾರ್ಡ್ ಗುಂಪಿನಲ್ಲಿ ಕನ್ನಡದಲ್ಲೇ ಒಂದು ಕಥೆ ಶುರು ಮಾಡಿದೆ. ಮಲೆನಾಡಿನ ಒಂದು ಕಾಫಿ ತೋಟ, ಕಾಣೆಯಾದ ಒಬ್ಬ ರೈಟರ್ (ತೋಟದ ಲೆಕ್ಕ ಬರೆಯುವವನು), ಆರು ಜನ ಆಡುವವರು. ಅಲ್ಲಿ ನಾನೂ ಅದೇ ತಪ್ಪು ಮಾಡಿದೆ. ದಾವಣಗೆರೆಯ ಒಬ್ಬ ಹುಡುಗ ಹೊಸದಾಗಿ ಸೇರಿದ್ದ, ಅವನದು ಲೈನ್‌ಮನ್ ಪಾತ್ರ. ‘ತೋಟದ ಪಂಪ್‌ಹೌಸ್ ಮೀಟರ್ ಮೂರು ದಿನದಿಂದ ಅಲ್ಲಾಡಿಲ್ಲ ಅಕ್ಕಾವ್ರೇ’ ಅಂತ ಅವನ ಲೈನ್‌ಮನ್ ಹೇಳಿದ. ಕಾಣೆಯಾದವನು ಪಂಪ್‌ಹೌಸಿನಲ್ಲೇ ದೀಪ ಹಾಕಿಕೊಂಡು ಅಡಗಿದ್ದಾನೆ ಅಂತ ನಾನು ಮೊದಲೇ ಬರೆದಿಟ್ಟುಕೊಂಡಿದ್ದೆ. ಹಾಗಾಗಿ ಅವನ ಮಾತನ್ನು ಕೇಳಿಸಿಕೊಳ್ಳದ ಹಾಗೆ ದಾಟಿಸಿದೆ. ಅವನು ಇನ್ನೊಮ್ಮೆ ಹೇಳಿದ. ಮತ್ತೆ ದಾಟಿಸಿದೆ. ರಾತ್ರಿ ಲಾಗ್, ಅಂದರೆ ಆಡಿದ್ದರ ಪೂರ್ತಿ ದಾಖಲೆ, ಓದುವಾಗ ಕಣ್ಣಿಗೆ ಬಿತ್ತು. ಎಣ್ಣೆ ಮಾರುವ ಮುದುಕ ನೆನಪಾದ.

ಮರುದಿನವೇ ಅವನ ಹತ್ತಿರ ತಪ್ಪಾಯಿತು ಅಂದೆ. ನಾನು ಬರೆದಿಟ್ಟ ಕೊನೆ ಕಿತ್ತುಹಾಕಿದೆ. ಮೀಟರ್ ಅಲ್ಲಾಡಿಲ್ಲ ಅಂದರೆ ಅಲ್ಲಿ ಯಾರೂ ಇಲ್ಲ. ಹಾಗಾದರೆ ಪಂಪ್‌ಹೌಸಿನಲ್ಲಿ ಬೆಳಕು ಕಂಡೆ ಅಂದ ಮೇಸ್ತ್ರಿ ಸುಳ್ಳು ಹೇಳಿದ್ದಾನೆ. ಅಲ್ಲಿಂದ ಕಥೆ ಆರೂ ಜನರ ಕೈಗೆ ಹೋಯಿತು. ಮುಂದಿನದು ನನಗೂ ಗೊತ್ತಿರಲಿಲ್ಲ. ಅಷ್ಟು ಖುಷಿ ನನಗೆ ಆ ನಾಲ್ಕು ತಿಂಗಳಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ಹಾಗಾಗಿ ಸೇರುವ ಮುಂಚೆ ದಯವಿಟ್ಟು ಇಷ್ಟು ನೋಡಿ. ಬಹಳಷ್ಟು ಆಟಗಳು ಹಳೇ ಲಾಗ್‌ಗಳನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಿರುತ್ತವೆ. ಎರಡು ಮೂರು ಓದಿ. ದೃಶ್ಯದ ಕೊನೆಯಲ್ಲಿ ಯಾರು ಗೆದ್ದರು ಅನ್ನುವುದಕ್ಕಿಂತ, ನಡುವೆ ಸಣ್ಣ ಪಾತ್ರ ಒಂದು ಮಾತು ಹೇಳಿದಾಗ ಏನಾಯಿತು ಅಂತ ನೋಡಿ. ಯಾರಾದರೂ ಅದನ್ನು ಎತ್ತಿಕೊಂಡರಾ? ಅದರಿಂದ ಕಥೆ ಒಂದಿಂಚಾದರೂ ಪಕ್ಕಕ್ಕೆ ತಿರುಗಿತಾ? ಕಥೆ ನಡೆಸುವವರ ಸ್ವಂತ ಪಾತ್ರ ಇರುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಪ್ರತಿ ಸುಳಿವೂ ಅದೇ ಪಾತ್ರಕ್ಕೆ ಸಿಗುತ್ತಿದ್ದರೆ ಅಲ್ಲಿಗೆ ಹೋಗಬೇಡಿ.

ಸೇರಿದ ಮೇಲೆ ಮೊದಲ ವಾರವೇ ನೇರವಾಗಿ ಕೇಳಿ: ‘ಬೇರೆ ಯಾರಿಗೂ ಗೊತ್ತಿಲ್ಲದ, ನನ್ನ ಪಾತ್ರಕ್ಕೆ ಮಾತ್ರ ಗೊತ್ತಿರುವ ಒಂದು ವಿಷಯ ಏನಿರಬಹುದು?’ ಒಳ್ಳೆಯವರಾದರೆ ಈ ಪ್ರಶ್ನೆಗೆ ಖುಷಿಪಡುತ್ತಾರೆ. ‘ನೋಡೋಣ’ ಅಂದು ಸುಮ್ಮನಾದರೆ ಎರಡು ಮೂರು ದೃಶ್ಯ ಕಾದು ನೋಡಿ, ಸಾಕು. ನನ್ನ ಹಾಗೆ ನಾಲ್ಕು ತಿಂಗಳು ಕಾಯಬೇಡಿ. ಕಾಯುವಾಗ ಸುಮ್ನೆ ಕೂರಬೇಡಿ, ನಿಮ್ಮ ಹಾಗೇ ಅಂಚಿನಲ್ಲಿ ನಿಂತವರ ಹತ್ತಿರ ಹೋಗಿ ಮಾತಾಡಿಸಿ. ಅವರು ಕೇಳಿದ ಪ್ರಶ್ನೆಗೆ ನಿಮ್ಮ ಪಾತ್ರ ಉತ್ತರ ಕೊಡಲಿ. ಇಬ್ಬರ ನಡುವೆ ಒಳ್ಳೆಯ ಕಥೆ ಹುಟ್ಟಲು ದಳಪತಿ ಬೇಕಾಗಿಲ್ಲ.

ಬಿಟ್ಟು ಬರುವುದಾದರೆ ಜಗಳ ಮಾಡಿಕೊಂಡು ಬರಬೇಡಿ, ಅದರಲ್ಲಿ ನಿಮಗೇ ಸುಸ್ತು. ಒಂದು ಮಾತು ತಿಳಿಸಿ ಹೊರಡಿ. ನಿಮ್ಮ ಪೋಸ್‌ಗಳನ್ನು ಮಾತ್ರ ಉಳಿಸಿಕೊಂಡು ಬನ್ನಿ, ಅವು ನಿಮ್ಮವು. ನಾನು ದೋಣಿಯವಳ ಮಾತುಗಳನ್ನೆಲ್ಲ ಒಂದು ಕಡತದಲ್ಲಿ ಇಟ್ಟುಕೊಂಡು ಬಂದೆ. ಈಗ ನಮ್ಮ ಗುಂಪಿನಲ್ಲಿ ಹೊಸ ಕಥೆ ನಡೆಯುತ್ತಿದೆ, ಲೈನ್‌ಮನ್ ಹುಡುಗನೇ ನಡೆಸುತ್ತಿದ್ದಾನೆ. ದೋಣಿಯವಳು ಅಲ್ಲಿಗೆ ಬಂದಿದ್ದಾಳೆ. ಹೋದ ಶನಿವಾರ ಹಗ್ಗ ಎಸೆದಳು. ಆಚೆ ದಡದಲ್ಲಿದ್ದವರು ಹಿಡಿದುಕೊಂಡರು.